ಬಿಳಿ ಕಾರ್ಡಿನ ಎಡಕ್ಕೆ

ಆರನೆಯ ದಿನ, ನೆಲಮಾಳಿಗೆ

ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತೆರಡು ನಿಮಿಷ. ನಾನು ಗಡಿಯಾರ ನೋಡಿಕೊಂಡು ಹೇಳುತ್ತಿಲ್ಲ. ಆ ಕೋಣೆಯೊಳಗೆ ಗಡಿಯಾರ, ಫೋನು, ಚೀಲ ಏನನ್ನೂ ಒಯ್ಯುವ ಹಾಗಿರಲಿಲ್ಲ. ಇಲಿಯ ಮಿದುಳಿನ ಸದ್ದನ್ನು ದಾಖಲಿಸುತ್ತಿದ್ದ ಕಂಪ್ಯೂಟರು ಆ ನಿಮಿಷಕ್ಕೆ ನಿಂತಿತಂತೆ. ಮಾರನೆಯ ದಿನದಿಂದ ಎಲ್ಲರೂ ಆ ನಿಮಿಷವನ್ನೇ ನನಗೆ ಹೇಳಿದರು. ಒಳಗಿದ್ದ ಇಬ್ಬರು ಮನುಷ್ಯರಿಗೆ ಕೆಮ್ಮು ಶುರುವಾದದ್ದು ಎಷ್ಟು ಗಂಟೆಗೆ ಎಂಬುದಕ್ಕೆ ಮಾತ್ರ ಯಾರ ಬಳಿಯೂ ದಾಖಲೆ ಇರಲಿಲ್ಲ.

ಹೊರರಾಜ್ಯಕ್ಕೆ ಹೋಗಿ ಬಂದವರನ್ನು ಮನೆಯವರು, ನೆರೆಯವರು ಕೇಳುವುದು ಎರಡೇ ಪ್ರಶ್ನೆ. ಬಿರಿಯಾನಿ ಹೇಗಿತ್ತು, ಮುತ್ತಿನ ಸರ ತಂದೆಯಾ. ನಾನು ಮಾಂಸ ತಿನ್ನುವವಳಲ್ಲ ಎಂದು ಇಪ್ಪತ್ತು ವರ್ಷದಿಂದ ಗೊತ್ತಿರುವವರೂ ಕೇಳಿದರು. ಹೈದರಾಬಾದಿನಲ್ಲಿ ನಾನು ಹತ್ತು ದಿನ ಇದ್ದೆ. ನೋಡಿದ್ದು ಒಂದು ನೆಲಮಾಳಿಗೆ, ನಾಲ್ಕು ಬೀದಿ, ಒಂದು ಆಸ್ಪತ್ರೆ. ಆ ನೆಲಮಾಳಿಗೆಯಿಂದ ನನ್ನನ್ನು ಹೊರಗೆ ತಂದ ಹೆಂಗಸಿನ ಕೆಲಸ ನನ್ನ ಒಂದು ವಾಕ್ಯದಿಂದ ಹೋಗುವುದರಲ್ಲಿತ್ತು. ಅದನ್ನು ಹೇಳಲು ಮೊದಲ ದಿನದಿಂದ ಬರಬೇಕು.

ಮೊದಲ ದಿನ, ಕೋಠಿ

ನಾನು ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಅಧ್ಯಾಪಕರಿಗೆ ಹತ್ತು ದಿನಗಳ ತರಬೇತಿ, ಕೋಠಿಗೆ ಹತ್ತಿರದ ಒಂದು ಸಂಶೋಧನಾ ಕೇಂದ್ರದಲ್ಲಿ. ವಿಷಯ, ಇಲಿಗಳು ದಾರಿಯನ್ನು ಹೇಗೆ ತಿಳಿಯುತ್ತವೆ. ಅದನ್ನು ಕಲಿಯಲು ಹೊರಟ ನಾನು ಆಟೋದಲ್ಲಿ ಕೂತು ಒಂದೇ ಪುಸ್ತಕದಂಗಡಿಯನ್ನು ಮೂರು ಸಲ ದಾಟಿದೆ. ಫೋನಿನ ನಕ್ಷೆ ತೋರಿಸಿದರೆ ಚಾಲಕನಿಗೆ ಅವಮಾನವಾಯಿತು.

"ಮೇಡಂ, ಮೈ ಪೈದಾ ಹುವಾ ಇಧರೀಚ್. ಫೋನ್ ನಕ್ಕೊ ದೇಖೋ," ಎಂದ. ಹುಟ್ಟಿದ್ದೇ ಇಲ್ಲಿ, ಫೋನು ನೋಡಬೇಡಿ ಎಂದು. ನಾಲ್ಕನೆಯ ಸಲ ಅದೇ ಅಂಗಡಿ ಬಂದಾಗ ಅವನೇ ಇಳಿದು ಹೋಗಿ ದಾರಿ ಕೇಳಿದ. ಅಲ್ಲಿ ಕೇಳಿದವರೆಲ್ಲ ಕೈ ಬೀಸಿ ಕೊಡುವ ಉತ್ತರ ಒಂದೇ, ಸೀದಾ. ರಸ್ತೆ ಎಲ್ಲಿಯೂ ಸೀದಾ ಇಲ್ಲ. ನಮ್ಮೂರಿನಲ್ಲಿ ದಾರಿ ಕೇಳಿದರೆ ಯಾರ ಮನೆಗೆ, ಏನು ಕೆಲಸ, ಊಟ ಆಯಿತೇ ಎಂದು ವಿಚಾರಿಸಿ ಜೀವ ತಿನ್ನುತ್ತಾರೆ, ಆದರೆ ಅರ್ಧ ದೂರ ಜೊತೆಗೆ ಬಂದು ತೋರಿಸುತ್ತಾರೆ.

ಕೇಂದ್ರ ತಲುಪಿದಾಗ ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ನನ್ನ ಮುಖ ನೋಡಿ, ಫೋನಿನಲ್ಲಿ ನಾನಾಡುತ್ತಿದ್ದ ಕನ್ನಡ ಕೇಳಿಸಿಕೊಂಡು, ಕನ್ನಡದಲ್ಲೇ ಹೇಳಿದಳು. "ಭಾಳ ತಿರುಗಿಸ್ಯಾನ ಕಾಣಸ್ತೈತಿ ಆಟೋದಾಂವ. ನೀರು ಕುಡೀರಿ ಅಕ್ಕೋರ."

ನಾನು ಮೇಡಂ ಆಗಿ ಹನ್ನೆರಡು ವರ್ಷವಾಯಿತು. ಅಕ್ಕೋರ ಎಂದು ಕರೆದರೆ ಸಣ್ಣ ಶಾಲೆಯ ಮೇಷ್ಟ್ರಮ್ಮನಾದ ಹಾಗೆ ಅನ್ನಿಸಿತು, ಹಿತವಾಯಿತು. ಅವಳ ಹೆಸರು ಶರಣಮ್ಮ, ಸೇಡಂ ಕಡೆಯವಳು. ಗಂಡನೊಂದಿಗೆ ಕಟ್ಟಡದ ಕೆಲಸಕ್ಕೆಂದು ಈ ಊರಿಗೆ ಬಂದು, ಆಮೇಲೆ ಗುತ್ತಿಗೆದಾರನೊಬ್ಬನ ಮೂಲಕ ಇಲ್ಲಿ ಸೇರಿದವಳು. ಹನ್ನೊಂದು ವರ್ಷದಿಂದ ಇದೇ ನೆಲ ಒರೆಸುತ್ತಿದ್ದಾಳೆ. ಹೊರಗೆ ತೆಲುಗು, ಹಿಂದಿ. ನನ್ನ ಹಾಗೆ ಯಾರಾದರೂ ಸಿಕ್ಕರೆ ಕನ್ನಡ.

ಎರಡನೆಯ ದಿನದಿಂದ ಐದನೆಯ ದಿನದವರೆಗೆ, ಮತ್ತೆ ನೆಲಮಾಳಿಗೆ

ನನಗೆ ಕಲಿಸುತ್ತಿದ್ದವಳು ಸ್ರವಂತಿ ಎಂಬ ಸಂಶೋಧಕಿ. ಇಪ್ಪತ್ತೇಳರ ಹುಡುಗಿ, ವರಂಗಲ್ಲಿನವಳು, ಅಸ್ತಮಾ ಇದೆ. ಉಸಿರಿಗೆ ಎಳೆದುಕೊಳ್ಳುವ ಪಂಪು ಸದಾ ಅವಳ ಚೀಲದಲ್ಲಿರುತ್ತಿತ್ತು. ಚೀಲ ಕೋಣೆಯ ಹೊರಗಿನ ಕಪಾಟಿನಲ್ಲಿರುತ್ತಿತ್ತು.

ಇಲಿಯ ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗವಿದೆ. ಇಲಿ ಒಂದು ಕೋಣೆಯಲ್ಲಿ ಓಡಾಡುವಾಗ ಅಲ್ಲಿನ ಕೆಲವು ಜೀವಕೋಶಗಳು ತಮ್ಮ ತಮ್ಮ ಜಾಗ ಹಂಚಿಕೊಳ್ಳುತ್ತವೆ. ಒಂದು ಕೋಶ ಈ ಮೂಲೆಗೆ, ಇನ್ನೊಂದು ಆ ಅಂಚಿಗೆ. ಇಲಿ ಆ ಜಾಗಕ್ಕೆ ಬಂದಾಗ ಮಾತ್ರ ಆ ಕೋಶ ಮಿಡಿಯುತ್ತದೆ. ಬೇರೆ ಕಡೆ ಇನ್ನೊಂದು ಜಾತಿಯ ಕೋಶಗಳಿವೆ, ತಲೆ ಯಾವ ದಿಕ್ಕಿಗೆ ತಿರುಗಿದೆ ಎಂಬುದಕ್ಕೆ ಮಿಡಿಯುವಂಥವು. ಹನ್ನೆರಡು ವರ್ಷ ಇದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದ್ದೆ. ಇಲ್ಲಿ ಕಿವಿಯಾರೆ ಕೇಳಿದೆ. ಕೂದಲಿಗಿಂತ ಸಣ್ಣ ತಂತಿಗಳನ್ನು ಇಲಿಯ ಮಿದುಳಿಗೆ ಇಳಿಸಿ, ಆ ಮಿಡಿತವನ್ನು ಸ್ಪೀಕರಿಗೆ ಕೊಟ್ಟಿದ್ದರು. ಇಲಿ ದುಂಡನೆಯ ಅಂಕಣದಲ್ಲಿ ಸುತ್ತುತ್ತಾ ಒಂದು ಜಾಗಕ್ಕೆ ಬಂದೊಡನೆ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ. ಮುಂದೆ ಹೋದರೆ ನಿಶ್ಶಬ್ದ. ತಿರುಗಿ ಬಂದರೆ ಮತ್ತೆ ಚಟಪಟ. ಅದನ್ನು ಕೇಳಿದ ಮೊದಲ ಸಲ ನನ್ನ ಕಣ್ಣು ತುಂಬಿತು.

ಆದರೆ ಆ ಕೋಣೆ. ಇಲಿ ಬಾಗಿಲನ್ನು, ಮೂಲೆಯನ್ನು, ಸದ್ದನ್ನು, ವಾಸನೆಯನ್ನು ಗುರುತು ಮಾಡಿಕೊಳ್ಳಬಾರದೆಂದು ಅಂಕಣದ ಸುತ್ತ ಛಾವಣಿಯಿಂದ ನೆಲದವರೆಗೆ ಕಪ್ಪು ಪರದೆ. ಪರದೆಗೂ ಗೋಡೆಗೂ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಓಣಿ. ನಾವು ತಲೆಗೆ ಎಣ್ಣೆ ಹಚ್ಚಬಾರದು, ಹೂ ಮುಡಿಯಬಾರದು. ಇಲಿಯನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು, ಡಬ್ಬಿ ಹಿಡಿದು ನಾವೇ ಗಿರಗಿರನೆ ನಾಲ್ಕು ಸುತ್ತು ಹಾಕಿ ಆಮೇಲೆ ಒಳಗೆ ಬಿಡಬೇಕು. ಬಾಗಿಲ ಮೇಲೆ ಹಸಿರು ಬೆಳಕಿನ ನಿರ್ಗಮನ ಫಲಕವಿತ್ತು. ಆ ಬೆಳಕು ಪರದೆಯ ಸಂದಿನಿಂದ ಕಂಡು ಇಲಿಗೆ ದಿಕ್ಕು ತಿಳಿದುಬಿಡುತ್ತದೆ ಎಂದು ಅದಕ್ಕೂ ದಪ್ಪ ಕಪ್ಪು ಬಟ್ಟೆ ಕಟ್ಟಿದ್ದರು.

"ಈ ಕೋಣೆಯಲ್ಲಿ ದಿಕ್ಕು ಹೇಳುವ ವಸ್ತು ಒಂದೇ," ಎಂದು ಆ ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರು ಹೆಮ್ಮೆಯಿಂದ ತೋರಿಸಿದ್ದರು. ಪರದೆಗೆ ತೂಗುಹಾಕಿದ ಒಂದಾಳೆತ್ತರದ ಬಿಳಿ ಕಾರ್ಡು. ಅದರ ಮೇಲೆ ಒಂದು ಸಣ್ಣ ದೀಪ. ವಿದ್ಯುತ್ ತಂತಿಯ ಗುಂಯ್‌ಗುಡುವಿಕೆ ದಾಖಲೆಯಲ್ಲಿ ಸೇರಬಾರದೆಂದು ಅದನ್ನು ಬ್ಯಾಟರಿಯಲ್ಲಿ ಉರಿಸುತ್ತಿದ್ದರು. ಬಾಗಿಲು ಆ ಕಾರ್ಡಿನ ಎಡಕ್ಕೆ. ನಾಲ್ಕೇ ದಿನದಲ್ಲಿ ನನ್ನ ಕಾಲಿಗೂ ಅದು ರೂಢಿಯಾಗಿತ್ತು. ಕಾರ್ಡು ನೋಡು, ಎಡಕ್ಕೆ ಹೋಗು, ಪರದೆ ಸರಿಸು, ಬಾಗಿಲು.

ಬಾಗಿಲ ಹೊರಗೊಂದು ಕೆಂಪು ದೀಪ. ಅದು ಉರಿಯುವಾಗ ಯಾರೂ ತೆರೆಯಕೂಡದು. ಒಮ್ಮೆ ತೆರೆದು ಬೈಸಿಕೊಂಡಿದ್ದಳು ಶರಣಮ್ಮ. "ಇಲಿ ಬಾಣಂತಿ ಇದ್ದಾಂಗರಿ ಅಕ್ಕೋರ. ಗಾಳಿ ಸೋಕಬಾರದು, ಬೆಳಕು ಸೋಕಬಾರದು," ಎಂದು ನಗುತ್ತಿದ್ದಳು.

ಆರನೆಯ ದಿನ, ಹನ್ನೊಂದು ನಲವತ್ತೆರಡು

ಅಂದು ಬೆಳಿಗ್ಗೆ ಕಾರ್ಡನ್ನು ಕಾಲು ಸುತ್ತು ಸರಿಸುವ ಪ್ರಯೋಗ. "ನೀವೇ ಸರಿಸಿ ಮೇಡಂ, ಕೈಗೆ ಅಭ್ಯಾಸವಾಗಲಿ," ಎಂದಳು ಸ್ರವಂತಿ. ನಾನೇ ಕೊಕ್ಕೆ ಬಿಚ್ಚಿ, ಕಾರ್ಡನ್ನೂ ದೀಪವನ್ನೂ ಎಡಕ್ಕೆ, ಬಾಗಿಲನ್ನೂ ದಾಟಿ ಒಯ್ದು ಸಿಕ್ಕಿಸಿದೆ. ಆಮೇಲೆ ಹದಿನೇಳನೆಯ ನಂಬರಿನ ಇಲಿಯನ್ನು ಸುತ್ತಿಸಿ ಬಿಟ್ಟೆವು. ಪುಸ್ತಕದಲ್ಲಿ ಇದ್ದ ಹಾಗೆಯೇ ಆಯಿತು. ಅದರ ತಲೆಯೊಳಗಿನ ನಕ್ಷೆ ಕಾರ್ಡಿನ ಜೊತೆಗೇ ತಿರುಗಿತು. ನಿನ್ನೆ ಒಂದು ಕಡೆ ಚಟಪಟ ಎಂದ ಕೋಶ ಇಂದು ಕಾಲು ಸುತ್ತು ಆಚೆ ಚಟಪಟ ಎಂದಿತು. ಕಾರ್ಡನ್ನು ಅದರ ಕಣ್ಣೆದುರೇ ಸರಿಸಿದರೆ ಮಾತ್ರ ಇಲಿ ಕ್ರಮೇಣ ಕಾರ್ಡನ್ನು ನಂಬುವುದನ್ನು ಬಿಡುತ್ತದೆ ಎಂದಳು ಸ್ರವಂತಿ. ಜಾಣ ಪ್ರಾಣಿ ಎಂದೆ ನಾನು.

ಸ್ಪೀಕರು ನಿಂತಿತು. ಛಾವಣಿಯ ದೀಪ ಹೋಯಿತು. ಪ್ಲಾಸ್ಟಿಕ್ ಸುಟ್ಟ ವಾಸನೆ. ತಂಪಿನ ಯಂತ್ರದ ಕಿಂಡಿಯಿಂದ ಹೊಗೆ ಮೊದಲು ದಾರದ ಹಾಗೆ, ಆಮೇಲೆ ಮೂಟೆ ಬಿಚ್ಚಿದ ಹಾಗೆ ಇಳಿಯಿತು. ಬ್ಯಾಟರಿ ದೀಪ ಮಾತ್ರ ಉರಿಯುತ್ತಿತ್ತು. ಹೊಗೆಯೊಳಗೆ ಕಾಣಿಸುತ್ತಿದ್ದದ್ದು ಅದೊಂದೇ, ಬೆಳ್ಳಗಿನ ಕಾರ್ಡು.

"ಮೇಡಂ, ಇಟು, ಇಟು," ಎಂದಳು ಸ್ರವಂತಿ ಕೆಮ್ಮುತ್ತಾ. ಈ ಕಡೆ, ಈ ಕಡೆ ಎಂದು.

"ಅಲ್ಲ, ಈ ಕಡೆ. ನನಗೆ ಗೊತ್ತು," ಎಂದೆ. ಅವಳ ಮಣಿಕಟ್ಟು ಹಿಡಿದು ಕಾರ್ಡಿನ ಎಡಕ್ಕೆ ಎಳೆದೆ.

ಪರದೆ ಸರಿಸಿದೆ. ಗೋಡೆ. ಕೈಯಾಡಿಸಿದೆ, ಬರೀ ಗೋಡೆ. ಬಾಗಿಲನ್ನು ಯಾರೋ ಕಿತ್ತು ಒಯ್ದಿದ್ದಾರೆ ಎಂದೇ ಅನ್ನಿಸಿತು ನನಗೆ. ನಾನು ತಪ್ಪಿರಬಹುದು ಎಂದು ಒಂದು ಕ್ಷಣವೂ ಹೊಳೆಯಲಿಲ್ಲ. ಇನ್ನೂ ಎಡಕ್ಕೆ ಸರಿದೆ, ಅಂದರೆ ಬಾಗಿಲಿನಿಂದ ಇನ್ನೂ ದೂರ. ಕಬ್ಬಿಣದ ಕಪಾಟೊಂದು ಓಣಿಗೆ ಅಡ್ಡ ಬಂತು. ಸ್ರವಂತಿ ಮಾತು ನಿಲ್ಲಿಸಿದ್ದಳು. ಅವಳ ಉಸಿರು ಶಿಳ್ಳೆ ಹಾಕುತ್ತಿತ್ತು, ಆಮೇಲೆ ಶಿಳ್ಳೆಯೂ ಸಣ್ಣದಾಯಿತು. ಈಗಲೂ ಪಾಠದ ನಡುವೆ, ಒಲೆಯ ಮುಂದೆ, ನನ್ನ ಎಡಗೈ ಗೋಡೆ ಸವರುತ್ತಾ ಹೋಗುತ್ತದೆ, ಗೋಡೆ ಮುಗಿಯುವುದೇ ಇಲ್ಲ.

ಎಲ್ಲೋ ಹಿಂದಿನಿಂದ ದನಿ ಬಂತು. "ಅಕ್ಕೋರ, ಎಲ್ಲದೀರಿ? ನಿಂದರಬ್ಯಾಡ್ರಿ. ನೆಲಕ್ಕ ಕುಂಡ್ರಿ."

"ಇಲ್ಲಿ, ಬಾಗಿಲ ಹತ್ತಿರ," ಎಂದೆ.

"ಬಾಗಲದಾಗ ನಾ ನಿಂತೀನ್ರಿ. ನೀವ್ ಮೋರಿ ಎದುರಿನ ಗ್ವಾಡಿಗದೀರಿ. ಕುಂಡ್ರಿ ಅಂದ್ರ ಕುಂಡ್ರಿ. ಕೋಲು ಬರ್ತೈತಿ, ಹಿಡಕೋರಿ."

ನೆಲ ಒರೆಸುವ ಕೋಲು ನೆಲವನ್ನು ತಟ್ಟುತ್ತಾ ಬಂದು ನನ್ನ ಮೊಣಕಾಲಿಗೆ ತಾಗಿತು. ಅದರ ಆ ತುದಿಯಲ್ಲಿ ಶರಣಮ್ಮ ಅಂಬೆಗಾಲಿಟ್ಟು ಬಂದಿದ್ದಳು. ನಾನು ಕೋಲು ಹಿಡಿದೆ, ಸ್ರವಂತಿಯ ಕುಪ್ಪಸ ಹಿಡಿದೆ. ಮೂವರೂ ತೆವಳಿದೆವು. ಆ ನೆಲ ಬಾಗಿಲ ಪಕ್ಕದ ಮೋರಿಯ ಕಡೆಗೆ ಇಳಿಜಾರು. ನೋಡಿದರೆ ತಿಳಿಯುವುದಿಲ್ಲ. ಹನ್ನೊಂದು ವರ್ಷ ಆ ನೆಲಕ್ಕೆ ನೀರು ಸುರಿದು ಬಳಿದವಳ ಅಂಗೈಗೆ ಗೊತ್ತಿತ್ತು.

ಹೊರಗೆ ಮಧ್ಯಾಹ್ನದ ಬಿಸಿಲು. ಶರಣಮ್ಮ ಕಪಾಟಿನಿಂದ ಚೀಲ ತಂದು ಮೆಟ್ಟಿಲ ಮೇಲೆ ಬೋರಲು ಸುರಿದಳು. ಪಂಪು ಉರುಳಿ ಬಿತ್ತು. ಎರಡು ಸಲ ಎಳೆದುಕೊಂಡರೂ ಸ್ರವಂತಿಯ ತುಟಿಯ ನೀಲಿ ಹೋಗಲಿಲ್ಲ. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಆ ಆಟೋದವನು ಮಾತ್ರ ಎಲ್ಲಿಯೂ ತಪ್ಪಲಿಲ್ಲ.

ಏಳನೆಯ ದಿನ, ಕಚೇರಿ

ತಂಪಿನ ಯಂತ್ರಕ್ಕೆ ಹತ್ತಿದ್ದ ಬೆಂಕಿ ಆರಿತ್ತು. ಹದಿನೇಳನೆಯ ನಂಬರಿನ ಇಲಿ ತೆರೆದ ಬಾಗಿಲಿನಿಂದ ತಾನೇ ಹೊರಬಂದು, ಅಂದು ಬೆಳಿಗ್ಗೆ ಇಲಿಗಳ ಆಹಾರ ಇಡುವ ಕೋಣೆಯಲ್ಲಿ ಕಾಳಿನ ಚೀಲಗಳ ಹಿಂದೆ ಸಿಕ್ಕಿತ್ತು. ಅದರ ತಲೆಯ ಮೇಲಿನ ತಂತಿಯ ಜೋಡಣೆ ಮುರಿದಿತ್ತು, ತಿಂಗಳುಗಳ ಕೆಲಸ ಹಾಳಾಗಿತ್ತು. ನನಗೊಂದು ನಮೂನೆ ಕೊಟ್ಟರು. ಪ್ರಾಣಿಯ ಸ್ಥಿತಿ ಬರೆಯಲು ಆರು ಸಾಲು, ಹಾಜರಿದ್ದವರ ಹೇಳಿಕೆಗೆ ಎರಡು.

ಎರಡು ಸಾಲು ಎಂಬ ನೆಪ ನನಗೂ ಬೇಕಾಗಿತ್ತು. ನಾನು ಹೀಗೆ ಬರೆದೆ: ಹೊಗೆ ಕವಿದೊಡನೆ ನಾವು ಬಾಗಿಲಿನ ಕಡೆಗೆ ಸಾಗುತ್ತಿದ್ದೆವು. ಅಷ್ಟರಲ್ಲಿ ಸ್ವಚ್ಛತಾ ಸಿಬ್ಬಂದಿಯೊಬ್ಬರು ಬಾಗಿಲು ತೆರೆದರು.

ಸಹಿ ಹಾಕಿದೆ. ಪ್ರಾಣಿಶಾಸ್ತ್ರದ ಅಧ್ಯಾಪಕಿ, ಇಲಿಗಳ ದಿಕ್ಕಿನ ಜ್ಞಾನ ಕಲಿಯಲು ಬಂದವಳು, ತಾನೇ ಸರಿಸಿದ ಕಾರ್ಡನ್ನು ನಂಬಿ ಗೋಡೆಗೆ ಹೋಗಿ ನಿಂತಳು ಎಂದು ಯಾರು ಬರೆಯುತ್ತಾರೆ.

ಎಂಟನೆಯ ದಿನ, ಸುಲ್ತಾನ್ ಬಜಾರ್

ನಾನು ಉಳಿದುಕೊಂಡಿದ್ದದ್ದು ಸುಲ್ತಾನ್ ಬಜಾರಿನ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ. ಬೆಳಗಿನಿಂದ ರವಿಕೆ ಬಟ್ಟೆ ಕೂಗುವವರ ಗದ್ದಲ. ಕಣ್ಣು ಮುಚ್ಚಿದರೆ ಗೋಡೆ, ತೆರೆದರೆ ಗದ್ದಲ. ಅಂದು ಶರಣಮ್ಮ ಕೈಯಲ್ಲೊಂದು ಕಾಗದ ಹಿಡಿದು ಮೆಟ್ಟಿಲು ಹತ್ತಿ ಬಂದಳು.

"ಕೆಲಸಕ್ಕ ಬರಬ್ಯಾಡ ಅಂದಾರ್ರಿ. ಇಂಗ್ಲಿಷ್‌ನ್ಯಾಗ ಕೊಟ್ಟಾರ. ಏನೈತಿ ಓದಿ ಹೇಳ್ರಿ."

ಗುತ್ತಿಗೆದಾರನ ನೋಟೀಸು. ಕೆಂಪು ದೀಪ ಉರಿಯುವಾಗ ಬಾಗಿಲು ತೆರೆದದ್ದು ತಪ್ಪು, ಅದರಿಂದ ಪ್ರಾಣಿ ತಪ್ಪಿಸಿಕೊಂಡಿತು, ಐದು ದಿನದೊಳಗೆ ಉತ್ತರ ಕೊಡಬೇಕು, ಇಲ್ಲವಾದರೆ ಕೆಲಸದಿಂದ ತೆಗೆಯಲಾಗುವುದು.

"ಹೊಗಿ ಇತ್ತು ಅಂತ ಬರದಾರೇನ್ರಿ ಅದರಾಗ?"

"ಇಲ್ಲ."

"ಒಳಗ ಇಬ್ಬರು ಮನಷ್ಯಾರಿದ್ರು ಅಂತ?"

"ಒಂದು ಕಡೆ ಇದೆ," ಎಂದೆ.

"ಇಲಿ ಓಡಿತು ಅಂತ?"

"ಅದು ಎರಡು ಕಡೆ ಇದೆ."

ಶರಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಆ ಇಲೀನ ಕರಸಿ ಕೇಳಬೇಕಿತ್ತು ನೋಡ್ರಿ. ಅದು ಖರೇ ಹೇಳತಿತ್ತು."

ಮನುಷ್ಯರ ಬಗ್ಗೆ ಇದ್ದ ಆ ಒಂದು ಸಾಲನ್ನು ನಾನು ಅವಳಿಗೆ ಓದಿ ಹೇಳಲಿಲ್ಲ. ಒಳಗಿದ್ದವರು ತಾವಾಗಿಯೇ ಬಾಗಿಲಿನ ಕಡೆಗೆ ಬರುತ್ತಿದ್ದರೆಂದು ಅವರದೇ ಹೇಳಿಕೆಯಿಂದ ತಿಳಿದಿದೆ, ಆದ್ದರಿಂದ ಸಿಬ್ಬಂದಿ ಪ್ರವೇಶಿಸುವ ಅಗತ್ಯವಿರಲಿಲ್ಲ. ಹೀಗಿತ್ತು ಆ ಸಾಲು.

ಅದೇ ದಿನ, ಆಸ್ಪತ್ರೆ

ಸ್ರವಂತಿ ಎದ್ದು ಕೂತಿದ್ದಳು. ಮೂಗಿನ ನಳಿಕೆ ತೆಗೆದಿದ್ದರು. ಮಾತಿನ ನಡುವೆ ನಿಂತು ಉಸಿರು ಕೂಡಿಸಿಕೊಳ್ಳುತ್ತಿದ್ದಳು. ನಾನು ಎಳನೀರು ಕೊಟ್ಟೆ, ಅವಳು ಪಕ್ಕಕ್ಕಿಟ್ಟಳು.

"ನಾನು ಇಟು ಅಂದೆ ಮೇಡಂ," ಎಂದಳು. ಕೈ ಚಾಚಿದಳು. ಮಣಿಕಟ್ಟಿನ ಮೇಲೆ ನನ್ನ ನಾಲ್ಕು ಬೆರಳಿನ ನೀಲಿ ಗುರುತು ಹಾಗೇ ಇತ್ತು. "ಎರಡು ಸಲ ಅಂದೆ."

"ನಾನು ಕಾರ್ಡು ನೋಡಿದೆ," ಎಂದೆ.

"ನೀವೇ ಸರಿಸಿದ್ದ ಕಾರ್ಡು."

"ಹೌದು."

ಅವಳು ಕಿಟಕಿಯ ಕಡೆ ತಿರುಗಿದಳು. "ಫಲಕಕ್ಕೆ ಬಟ್ಟೆ ಕಟ್ಟಿದವಳು ನಾನು. ಮೊದಲು ತಂದ ಬಟ್ಟೆಯಲ್ಲಿ ಹಸಿರು ಬೆಳಕು ಸ್ವಲ್ಪ ತೂರುತ್ತಿತ್ತು. ಸುಲ್ತಾನ್ ಬಜಾರಿನಲ್ಲಿ ಏಳು ಅಂಗಡಿ ತಿರುಗಿ ಇನ್ನೂ ದಪ್ಪದ್ದು ತಂದೆ, ಎರಡು ಪದರ ಹೊಲಿದೆ. ಒಂಚೂರೂ ಬೆಳಕು ಬರದೆ ಹೋದಾಗ ಎಷ್ಟು ಖುಷಿಯಾಗಿತ್ತು ಗೊತ್ತಾ." ಉಸಿರು ತೆಗೆದುಕೊಂಡಳು. "ನೀವು ಏನಂತ ಬರೆದುಕೊಟ್ಟಿರಿ?"

ಹೇಳಿದೆ. ಶರಣಮ್ಮನ ನೋಟೀಸಿನ ವಿಷಯವನ್ನೂ ಹೇಳಿದೆ.

"ಹಾಗಾದರೆ ಇಲ್ಲಿ ಯಾಕೆ ಕೂತಿದ್ದೀರಿ?" ಎಂದಳು ಸ್ರವಂತಿ. "ಎಳನೀರು ನಾನು ಕುಡೀತೀನಿ. ನೀವು ಹೋಗಿ."

ಒಂಬತ್ತನೆಯ ದಿನ, ಮತ್ತೆ ಕಚೇರಿ

ಈ ಸಲ ನಾಲ್ಕು ಪುಟ ಬರೆದೆ. ಎರಡು ಸಾಲಿನ ಜಾಗಕ್ಕೆ ನಾಲ್ಕು ಪುಟ ಪಿನ್ನು ಹಾಕಿ ಸಿಕ್ಕಿಸಿದೆ. ಮೊದಲಿನ ಹೇಳಿಕೆ ಸುಳ್ಳು, ಅದನ್ನು ಬರೆದವಳು ನಾನೇ, ನಾಚಿಕೆಗೆ ಬರೆದದ್ದು. ಬಾಗಿಲಿಗೆ ಬೆನ್ನು ಹಾಕಿ ನಡೆದೆ, ಬೇಡವೆಂದವಳನ್ನೂ ಎಳೆದುಕೊಂಡು ಹೋದೆ. ಶರಣಮ್ಮ ಒಳಗೆ ಬಾರದೆ ಇದ್ದಿದ್ದರೆ ಇಬ್ಬರೂ ಆ ಓಣಿಯಲ್ಲೇ ಉಳಿಯುತ್ತಿದ್ದೆವು.

ಪ್ರೊಫೆಸರು ಓದಿದರು. "ಮೊದಲನೆಯದು ಚಿಕ್ಕದಾಗಿ ಚೆನ್ನಾಗಿತ್ತು," ಎಂದರು. ಎರಡನೆಯ ಪುಟಕ್ಕೆ ಬಂದಾಗ ಕನ್ನಡಕ ಸರಿ ಮಾಡಿಕೊಂಡರು. "ಕಾರ್ಡನ್ನು ನೀವೇ ಸರಿಸಿದ್ದಿರಾ? ಸರಿಸಿದ್ದು ಗೊತ್ತಿದ್ದೂ? ಇಲಿಯಾಗಿದ್ದರೆ ಅದನ್ನು ನಂಬುತ್ತಿರಲಿಲ್ಲ. ಬಹಳ ಸ್ವಾರಸ್ಯವಾಗಿದೆ. ಇಂದು ಸಂಜೆಯ ಸಭೆಯಲ್ಲಿ ಇದನ್ನು ವಿದ್ಯಾರ್ಥಿಗಳಿಗೆ ಹೇಳುತ್ತೀರಾ?"

ನನಗೆ ತಲೆಯ ನರ ಹರಿಯುವಷ್ಟು ಸಿಟ್ಟು ಬಂತು. "ಮೊದಲು ಸ್ವೀಕೃತಿಯ ಮುದ್ರೆ ಹಾಕಿಸಿ ಸಾರ್. ಪ್ರತಿ ಗುತ್ತಿಗೆದಾರನಿಗೆ ಹೋಗಲಿ. ಆಮೇಲೆ ಬೇಕಾದರೆ ನನ್ನನ್ನೇ ಡಬ್ಬಿಯಲ್ಲಿಟ್ಟು ಸುತ್ತಿಸಿ."

ಗುಮಾಸ್ತ ಊಟಕ್ಕೆ ಹೋಗಿದ್ದ. ಮುದ್ರೆ ಅವನ ಮೇಜಿನ ಖಾನೆಯಲ್ಲಿ, ಖಾನೆಗೆ ಬೀಗ. ಮುಕ್ಕಾಲು ಗಂಟೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಪ್ರೊಫೆಸರು ಆಚೆ ಈಚೆ ನಡೆದಾಡಿದರು, ಮತ್ತೊಮ್ಮೆ ಪುಟ ತಿರುವಿದರು. ಕೊನೆಗೆ ನನ್ನೆದುರು ಕೂತು ಪೆನ್ನು ತೆಗೆದರು. "ಬಟ್ಟೆ ಕಟ್ಟಲು ಒಪ್ಪಿಗೆ ಕೊಟ್ಟವನು ನಾನು. ಅದು ಇದರಲ್ಲಿ ಇಲ್ಲ," ಎಂದು ಕೆಳಗೆ ತಾವೇ ಬರೆದು ಸಹಿ ಮಾಡಿದರು. ಇಷ್ಟನ್ನು ಮೊದಲೇ ಮಾಡಿದ್ದರೆ ಏನಾಗುತ್ತಿತ್ತು ಎಂದು ಕೇಳುವವಳಿದ್ದೆ. ನನಗೂ ಅದೇ ಪ್ರಶ್ನೆ ಸಲ್ಲುತ್ತಿತ್ತು.

ಹತ್ತನೆಯ ದಿನ, ನಾಂಪಲ್ಲಿ

ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮಿನ ಫಲಕ ನೋಡಿದೆ, ನಂಬಿಕೆ ಬರಲಿಲ್ಲ. ಮೂವರನ್ನು ಕೇಳಿದೆ. ಮೂವರೂ ಸೀದಾ ಎಂದರು. ಈ ಸಲ ಅದು ನಿಜವಾಗಿಯೂ ಸೀದಾ ಇತ್ತು.

ಶರಣಮ್ಮ ಬಂದಿದ್ದಳು, ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಪೊಟ್ಟಣ ಹಿಡಿದು. ಗುತ್ತಿಗೆದಾರ ಇನ್ನೂ ಏನೂ ಹೇಳಿರಲಿಲ್ಲ. ರೈಲು ಬರುವ ಮೊದಲು ನಾನು ಅವಳಿಗೆ ಓದಿ ಹೇಳದ ಆ ಸಾಲನ್ನು ಹೇಳಿದೆ. ಅದು ಯಾರ ಮಾತಿನಿಂದ ಹುಟ್ಟಿತು ಎಂಬುದನ್ನೂ ಹೇಳಿದೆ. ಅವಳು ಹಳಿಯ ಕಡೆ ನೋಡುತ್ತಾ ಕೇಳಿಸಿಕೊಂಡಳು.

"ಅವತ್ತ ಓದಿ ಹೇಳಬೇಕಿತ್ರಿ ನೀವು," ಎಂದಳು.

"ಹೇಳಬೇಕಿತ್ತು."

"ಓದಿದ ಮಂದಿ ಅಲ್ರಿ. ನಾಚಿಕಿ ಭಾಳ." ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು. "ಹೊಗಿಯಾಗ ನೀವ್ ಹೆಂಗ ಮಾಡಿದ್ರೂ ಅದಕ್ಕ ನಾ ಏನೂ ಅನ್ನಂಗಿಲ್ರಿ. ಹೊಗಿಯಾಗ ಯಾರಿಗೆ ಏನ್ ಕಾಣತೈತಿ. ಹೊರಗ ಬಂದು, ಬಿಸಲಾಗ ಕುಂತು ಬರದ್ರಲ್ಲ, ಅದು ನನಗ ಸಂಕಟ ಆತ್ರಿ."

ಪೊಟ್ಟಣವನ್ನು ವಾಪಸು ಒಯ್ಯುತ್ತಾಳೆ ಎಂದುಕೊಂಡೆ. ಕಿಟಕಿಯಿಂದ ಒಳಗೆ ತುರುಕಿದಳು. "ಮೊಸರು ಹಚ್ಚಿಕೊಂಡು ತಿನ್ರಿ. ಖಾರ ಐತಿ."

ದಾವಣಗೆರೆ

ಮನೆಗೆ ಬಂದು ಹದಿನೆಂಟು ದಿನ ನಾನು ಸರಿಯಾಗಿ ಮಲಗಲಿಲ್ಲ. ಯಾವ ಕೋಣೆಗೆ ಹೋದರೂ ಮೊದಲು ಬಾಗಿಲು ಎಲ್ಲಿದೆ ಎಂದು ಮುಟ್ಟಿ ನೋಡುತ್ತಿದ್ದೆ. ತರಗತಿಯಲ್ಲಿ ಪಾಠದ ನಡುವೆ ಎದ್ದು ಹೋಗಿ ಬಾಗಿಲು ಸರಿಯಾಗಿ ತೆರೆಯುತ್ತದೆಯೇ ಎಂದು ಎಳೆದು ನೋಡಿದ್ದೂ ಉಂಟು, ಹುಡುಗಿಯರು ನಕ್ಕರು. ನಮ್ಮ ಮನೆಯವರು, "ಯಾರಿಗಾದರೂ ತೋರಿಸೋಣವೇ," ಎಂದರು. ತೋರಿಸಲು ನನ್ನಲ್ಲಿ ಇದ್ದದ್ದು ಒಂದು ಗೋಡೆ. ಅದನ್ನು ಸವರುತ್ತಾ ಹೋದಂತೆ ಕೊನೆಗೆ ಕೈಗೆ ಸಿಗುತ್ತಿದ್ದದ್ದು ಬಾಗಿಲಲ್ಲ, ನನ್ನದೇ ಸಹಿ ಇದ್ದ ಆ ಎರಡು ಸಾಲು.

ಹದಿನೆಂಟನೆಯ ದಿನ, ಗುರುವಾರ ಸಂಜೆ, ಫೋನು ಬಂತು.

"ಅಕ್ಕೋರ, ಕೆಲಸದ ಮ್ಯಾಗದೀನ್ರಿ. ಇವತ್ತಿಂದ."

ಆಚೆ ಕಡೆ ನೀರು ಸುರಿಯುವ ಸದ್ದು ಕೇಳಿಸುತ್ತಿತ್ತು.

"ಕೇಳಾಕತ್ತೀರೇನ್ರಿ? ಆ ಸ್ರವಂತಿ ಹುಡಗೀನೂ ಬಂದಾಳ. ಗುತ್ತಿಗೆದಾರನ ಮುಂದ ಆಕಿ ನಿಂತು ಮಾತಾಡಿದ್ಲು. ಅವನ ಮ್ಯಾನೇಜರ್ ನನಗ ಸಾರಿ ಅಂದ. ಹನ್ನೊಂದು ವರ್ಷದಾಗ ಮೊದಲ ಸಲ ಅಂವ ನನ್ನ ಹೆಸರು ಹಿಡದ ಕರದದ್ದು. ಶಾರದಮ್ಮ ಅಂದ."

"ಶಾರದಮ್ಮನಾ?"

"ಹೂನ್ರಿ. ಇರ್ಲಿ ಬಿಡ್ರಿ, ಹತ್ತಿರ ಬಂದಾನ. ಹಿಂಡಿ ತಿಂದ್ರೇನು?"

"ಖಾರ ಬಹಳ ಇತ್ತು."

"ಹೇಳಿದ್ನಲ್ರಿ ಮೊಸರು ಹಚ್ಚಿಕೋರಿ ಅಂತ. ನೀವ್ ಹೇಳಿದ್ದು ಕೇಳೂ ಪೈಕಿ ಅಲ್ಲ ಬಿಡ್ರಿ. ಇಡ್ತೀನಿ, ನೆಲ ಹಸಿ ಐತಿ."

ಮರುದಿನ, ಶುಕ್ರವಾರ, ನಮ್ಮ ಮನೆಯವರು ಭುಜ ಹಿಡಿದು ಅಲುಗಾಡಿಸಿ ಎಬ್ಬಿಸಿದಾಗ ಮುಖದ ಮೇಲೆ ಬಿಸಿಲಿತ್ತು, ಮತ್ತು ಕಾಲೇಜಿನಲ್ಲಿ ನನ್ನ ಮೊದಲ ಪಿರಿಯಡ್ಡು ಮುಗಿಯುತ್ತಾ ಬಂದಿತ್ತು.